ಎಳೆಗರುಗಳ ರಕ್ತಭೇದಿ

ಬೆಂಗಳೂರಿನ ದಂಡುಪ್ರದೇಶಕ್ಕೆ ಸೇರಿದ ಬೆನ್ಸನ್ ಟೌನ್ ದನಕರುಗಳಿಗೆ ಹೆಸರಾದ ಸ್ಥಳವೇನೂ ಅಲ್ಲ. ಕಂಟೋನ್ಮೆಂಟ್ ರೈಲು ನಿಲ್ದಾಣದ ಉತ್ತರಕ್ಕಿರುವ ಈ ಬಡಾವಣೆಯೆಂದೊಡನೆ ನೆನಪಿಗೆ ಬರುವುವು ಮರಗಳ ನೆರಳಿನ ಬೀದಿಗಳು, ಹೆಂಚಿನ ಮಾಡಿನ ಹಳೆಯ ಬಂಗಲೆಗಳು, ಅವುಗಳ ಎಡೆಯಲ್ಲಿ ಈಚೆಗೆ ಎದ್ದುನಿಂತ ಬಹುಮಹಡಿಯ ಕಟ್ಟಡಗಳು. ಆದರೂ ಅಲ್ಲಿ ಮತ್ತು ಅದರ ನೆರೆಯ ಓಣಿಗಳಲ್ಲಿ ನಸುಕಿನಲ್ಲಿ ನಡೆದುಹೋಗುವವರಿಗೆ ಹಾಲು ಕರೆಯುವ ಸದ್ದು ಕೇಳಿಸುವುದುಂಟು. ಒಂದೋ ಎರಡೋ ಹಸುಗಳನ್ನು ಕಟ್ಟಿಕೊಂಡು, ನೆರೆಹೊರೆಯ ಮನೆಗಳಿಗೆ ಹಾಲು ಹಾಕಿ ಸಂಸಾರ ತೂಗಿಸುವ ಕುಟುಂಬಗಳು, ನಗರ ಬೆಳೆದಂತೆಲ್ಲ ಕಿರಿದಾಗುತ್ತಿರುವ ಜಾಗದಲ್ಲಿ ಇನ್ನೂ ಉಳಿದುಕೊಂಡಿವೆ.

ಒಂದು ಮಳೆಗಾಲದ ಬೆಳಿಗ್ಗೆ ಅಂಥ ಒಂದು ಮನೆಗೆ ಪಶುವೈದ್ಯರೊಬ್ಬರ ಜೊತೆಯಲ್ಲಿ ನಾವೂ ಹೋಗಿದ್ದೆವು. ಮನೆಯ ಹಿಂಬದಿಯ ತಗಡಿನ ಚಪ್ಪರದ ಕೆಳಗೆ ಎರಡು ಮಿಶ್ರತಳಿಯ ಹಸುಗಳು, ಎರಡು ಕರುಗಳು. ಒಂದು ಕರುವಿಗೆ ಒಂದೂವರೆ ತಿಂಗಳು, ಹೆಣ್ಣುಗರು. ಇನ್ನೊಂದು ಹುಟ್ಟಿ ಹನ್ನೆರಡು ದಿನ. ದೊಡ್ಡ ಕರು ಬಾಲವೆತ್ತಿ, ಬೆನ್ನು ಬಾಗಿಸಿ, ಮತ್ತೆ ಮತ್ತೆ ತಿಣುಕುತ್ತಿತ್ತು. ಕೆಳಕ್ಕೆ ಬೀಳುತ್ತಿದ್ದುದು ಸಗಣಿಯಲ್ಲ, ಲೋಳೆ ಬೆರೆತ ನೀರು. ಅದರಲ್ಲಿ ಕೆಂಪು ಎಳೆಗಳೂ ಹೆಪ್ಪುಗಟ್ಟಿದ ರಕ್ತದ ತುಣುಕುಗಳೂ ಇದ್ದವು. ಬಾಲವೂ ಹಿಂದೊಡೆಗಳೂ ಅದರಿಂದ ಮೆತ್ತಿಹೋಗಿದ್ದವು. ಕಣ್ಣುಗಳು ಗುಳಿಬಿದ್ದಿದ್ದವು. ಹಿಂದಿನ ಸಂಜೆಯಿಂದ ಅದು ಕೆಚ್ಚಲಿಗೆ ಬಾಯಿಟ್ಟಿರಲಿಲ್ಲ.

ಕಾರಣವೇನೆಂಬ ವಿಷಯದಲ್ಲಿ ಮನೆಯವರಲ್ಲಿ ಒಮ್ಮತವಿರಲಿಲ್ಲ. ಎರಡು ದಿನದ ಹಿಂದೆ ಹೊಸ ಅಂಗಡಿಯಿಂದ ತಂದ ಬೂಸಾ ಎಂದು ಒಬ್ಬರು ಹೇಳಿದರು. ಅಂಗಳದಲ್ಲಿ ತಿರುಗುವ ಕೋಳಿಗಳಿಂದ ಬಂದ ಜಾಡ್ಯವೆಂದು ಇನ್ನೊಬ್ಬರ ವಾದ. ವೈದ್ಯರು ಎರಡನ್ನೂ ಕೇಳಿಕೊಂಡು, ವಿಚಿತ್ರವಾಗಿ ತೋರುವ ಒಂದು ಪ್ರಶ್ನೆಯನ್ನು ಹಾಕಿದರು: ಮೂರು ವಾರಗಳ ಹಿಂದೆ ಈ ಕೊಟ್ಟಿಗೆ ಹೇಗಿತ್ತು? ಮನೆಯ ಹಿರಿಯಾಕೆ ಸ್ವಲ್ಪ ಯೋಚಿಸಿ ಹೇಳಿದರು. ಆಗ ಒಂದು ವಾರ ಬಿಡದೆ ಮಳೆ ಸುರಿದಿತ್ತು; ಸಗಣಿ ಕೊಂಡೊಯ್ಯುವವನು ಬಂದಿರಲಿಲ್ಲ; ಮೂಲೆಯಲ್ಲಿ ಸಗಣಿಯ ರಾಶಿ ಬೆಳೆದು, ಅದರ ರಸ ಕರು ಕಟ್ಟುವ ಜಾಗದ ಕಡೆಗೆ ಹರಿದುಬಂದಿತ್ತು. ವೈದ್ಯರಿಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು.

ಇಂದು ಕಾಣುವ ರಕ್ತಕ್ಕೆ ಮೂರು ವಾರಗಳ ಹಿಂದಿನ ಸಗಣಿ ಕಾರಣವಾಗುವುದು ಹೇಗೆ? ಇದನ್ನು ಅರಿಯಬೇಕಾದರೆ ಬರಿಗಣ್ಣಿಗೆ ಕಾಣದ ಒಂದು ಜೀವಿಯ ದಿನಚರಿಯನ್ನು ನಾವು ಅನುಸರಿಸಬೇಕಾಗುತ್ತದೆ.

ಈ ರೋಗದ ಹೆಸರು ಕಾಕ್ಸಿಡಿಯೋಸಿಸ್. ಕಾಕ್ಸಿಡಿಯ ಎಂಬ ಏಕಕೋಶ ಪರೋಪಜೀವಿಗಳಿಂದ ಬರುವುದರಿಂದ ಈ ಹೆಸರು ಬಂದಿದೆ. ಈ ಗುಂಪಿನ ಜೀವಿಗಳನ್ನು ಮೊದಲು ಕಂಡವನು ಹಾಲೆಂಡಿನ ಲೇವನ್‌ಹುಕ್. 1674ರಲ್ಲಿ ಆತನು ಮೊಲದ ಪಿತ್ತರಸವನ್ನು ತನ್ನ ಮಸೂರದಡಿಯಲ್ಲಿಟ್ಟು ನೋಡಿದಾಗ ಮೊಟ್ಟೆಯಾಕಾರದ ಕಣಗಳು ಕಂಡವು. ಅವು ಏನೆಂಬುದು ಆತನಿಗೆ ತಿಳಿಯಲಿಲ್ಲ; ತಿಳಿಯಲು ಎರಡು ಶತಮಾನಗಳು ಹಿಡಿದವು. ದನಗಳಲ್ಲಿ ಈ ರೋಗವನ್ನುಂಟುಮಾಡುವ ಜೀವಿಗಳು ಐಮೀರಿಯ ಎಂಬ ಜಾತಿಗೆ ಸೇರಿದವು. ಈ ಜಾತಿಯಲ್ಲಿ ದನಗಳ ಮೇಲೆ ಬದುಕುವ ಪ್ರಭೇದಗಳು ಹತ್ತಕ್ಕಿಂತ ಹೆಚ್ಚಾಗಿವೆಯಾದರೂ ಕರುಗಳ ಪ್ರಾಣಕ್ಕೆ ಎರವಾಗುವುವು ಮುಖ್ಯವಾಗಿ ಎರಡು: ಐಮೀರಿಯ ಬೋವಿಸ್, ಐಮೀರಿಯ ತ್ಸುರ್ನಿಯೈ. ಎರಡನೆಯದನ್ನು 1878ರಲ್ಲಿ ಇಟಲಿಯ ರಿವೋಲ್ಟ ವರ್ಣಿಸಿದನು. ಅದಕ್ಕಿರುವುದು ತ್ಸುರ್ನ್ ಎಂಬ ಜರ್ಮನ್ ಪಶುವೈದ್ಯನ ಹೆಸರು. ಎಮ್ಮೆಗರುಗಳನ್ನು ಪೀಡಿಸುವ ಮತ್ತೊಂದು ಪ್ರಭೇದ ನಮ್ಮ ದೇಶದ ಊರೊಂದರ ಹೆಸರನ್ನು ಹೊತ್ತಿದೆ. ಉತ್ತರ ಪ್ರದೇಶದ ಬರೇಲಿಯ ಹೆಸರಿನಿಂದ 1963ರಲ್ಲಿ ಅದನ್ನು ಐಮೀರಿಯ ಬರೇಲಿಯೈ ಎಂದು ಕರೆದರು.

ಕೋಳಿಗಳ ಮೇಲಿನ ಆರೋಪವನ್ನು ಇಲ್ಲಿಯೇ ತೀರ್ಮಾನಿಸಿಬಿಡಬಹುದು. ಕೋಳಿಗಳಿಗೂ ಕಾಕ್ಸಿಡಿಯೋಸಿಸ್ ಬರುತ್ತದೆ. ಅಲ್ಲಿಯೂ ರಕ್ತಭೇದಿಯೇ ಅದರ ಗುರುತು. ಆದರೆ ಐಮೀರಿಯ ಜೀವಿಗಳು ಆಶ್ರಯದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೋಳಿಯದು ಕರುವಿಗೆ ತಗಲದು, ಕರುವಿನದು ಕುರಿಗೆ ತಗಲದು, ಯಾವುದೂ ಮನುಷ್ಯನಿಗೆ ತಗಲದು. ಬೆನ್ಸನ್ ಟೌನಿನ ಆ ಕೋಳಿಗಳು ನಿರಪರಾಧಿಗಳು. ಹೊಸ ಬೂಸಾ ಮಾತ್ರ ಪೂರ್ತಿ ನಿರಪರಾಧಿಯೆಂದು ಹೇಳುವಂತಿಲ್ಲ. ಆ ವಿಷಯ ಮುಂದೆ ಬರುತ್ತದೆ.

ಸೋಂಕಿದ ದನದ ಸಗಣಿಯಲ್ಲಿ ಈ ಜೀವಿ ಗಟ್ಟಿ ಕವಚವುಳ್ಳ ಸೂಕ್ಷ್ಮ ಗೋಲಗಳ ರೂಪದಲ್ಲಿ ಹೊರಬರುತ್ತದೆ. ಶಾಸ್ತ್ರದಲ್ಲಿ ಇವಕ್ಕೆ ಊಸಿಸ್ಟ್ ಎಂದು ಹೆಸರು. ಹುಳುಗಳ ಮೊಟ್ಟೆಗೂ ಇವಕ್ಕೂ ವ್ಯತ್ಯಾಸವುಂಟಾದರೂ ಅನುಕೂಲಕ್ಕಾಗಿ ನಾವು ತತ್ತಿಯೆಂದೇ ಕರೆಯೋಣ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಬೋವಿಸಿನ ತತ್ತಿ ಸುಮಾರು 28 ಮೈಕ್ರಾನ್ ಉದ್ದ, 20 ಮೈಕ್ರಾನ್ ಅಗಲ. ತ್ಸುರ್ನಿಯೈ ಇನ್ನೂ ಚಿಕ್ಕದು, ಹೆಚ್ಚುಕಡಿಮೆ ದುಂಡಗೆ. ಅಂಥ ಐವತ್ತಕ್ಕೂ ಹೆಚ್ಚು ತತ್ತಿಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆದೀತು.

ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಸಗಣಿಯೊಡನೆ ಆಗತಾನೆ ಬಿದ್ದ ತತ್ತಿ ಅಪಾಯಕಾರಿಯಲ್ಲ. ಆಗ ಅದರೊಳಗೆ ಒಂದೇ ಒಂದು ಮುದ್ದೆಯಾದ ಜೀವದ್ರವ್ಯವಿರುತ್ತದೆ. ಕರು ಅದನ್ನು ನೆಕ್ಕಿ ನುಂಗಿದರೂ ರೋಗ ಬರುವುದಿಲ್ಲ. ಅದು ಹೊರಗೆ, ನೆಲದ ಮೇಲೆ, ಪಕ್ವವಾಗಬೇಕು. ಪಕ್ವವಾಗಲು ಬೇಕಾದುವು ಮೂರು: ತೇವ, ಬೆಚ್ಚಗಿನ ಹವೆ, ಆಮ್ಲಜನಕ. ಈ ಮೂರೂ ಒದಗಿದರೆ ಮುದ್ದೆ ನಾಲ್ಕು ಭಾಗವಾಗಿ, ಒಂದೊಂದು ಭಾಗವೂ ಎರಡೆರಡು ಬೀಜಾಣುಗಳನ್ನು ಹಡೆದು, ತತ್ತಿಯೊಳಗೆ ಒಟ್ಟು ಎಂಟು ಬೀಜಾಣುಗಳು ಸಿದ್ಧವಾಗುತ್ತವೆ. 20ರಿಂದ 30 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡು ಮೂರು ದಿನಗಳು ಸಾಕು. ಚಳಿಯಲ್ಲಿ ಒಂದು ವಾರ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ. ಬೆಂಗಳೂರಿನ ಹವೆಯನ್ನು ಹೊಗಳದವರಿಲ್ಲ. ಹಿಮ ಬೀಳದ, ವರ್ಷದ ಬಹುಪಾಲು ಹಗಲಿನ ಉಷ್ಣತೆ ಇಪ್ಪತ್ತರ ಮೇಲೆ ಮೂವತ್ತರ ಆಸುಪಾಸಿನಲ್ಲಿ ನಿಲ್ಲುವ, ಮೇ ತಿಂಗಳಿನಿಂದ ನವೆಂಬರಿನವರೆಗೆ ಆಗಾಗ ಮಳೆ ಹನಿಯುವ ಈ ಊರು ಪಿಂಚಣಿದಾರರಿಗೆ ಹೇಗೋ ಐಮೀರಿಯದ ತತ್ತಿಗಳಿಗೂ ಹಾಗೆಯೇ ಹಿತಕರವಾಗಿದೆ!

ಪಕ್ವವಾದ ತತ್ತಿ ತೇವದ ನೆರಳಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಕರು ನೆಲವನ್ನು ನೆಕ್ಕುತ್ತದೆ, ಹಗ್ಗವನ್ನು ಚೀಪುತ್ತದೆ, ಸಗಣಿ ಮೆತ್ತಿದ ಕೆಚ್ಚಲಿಗೆ ಬಾಯಿಡುತ್ತದೆ, ನೆಲದ ಮೇಲೆ ಚೆಲ್ಲಿದ ಹುಲ್ಲಿನ ಎಳೆಯನ್ನು ಆಯ್ದು ತಿನ್ನುತ್ತದೆ. ಇವುಗಳಲ್ಲಿ ಯಾವುದಾದರೊಂದು ದಾರಿಯಿಂದ ತತ್ತಿ ಅದರ ಹೊಟ್ಟೆಗೆ ಸೇರುತ್ತದೆ. ಅಲ್ಲಿ ಕವಚ ಒಡೆದು ಎಂಟು ಬೀಜಾಣುಗಳು ಬಿಡುಗಡೆಯಾಗಿ ಸಣ್ಣ ಕರುಳಿನ ಗೋಡೆಯನ್ನು ಹೊಗುತ್ತವೆ.

ಬೋವಿಸಿನ ಬೀಜಾಣು ಕರುಳಿನ ಒಳಪದರದಲ್ಲಿರುವ ದುಗ್ಧನಾಳಗಳ ಜೀವಕೋಶವೊಂದನ್ನು ಸೇರಿ ಅಲ್ಲಿ ಬೆಳೆಯತೊಡಗುತ್ತದೆ. ಬೆಳೆಯುತ್ತ ಬೆಳೆಯುತ್ತ ಆ ಕೋಶ 0.3 ಮಿಲಿಮೀಟರಿನವರೆಗೆ ಹಿಗ್ಗುತ್ತದೆ. ಸತ್ತ ಕರುವಿನ ಕರುಳನ್ನು ಸೀಳಿ ನೋಡಿದಾಗ ಕೆಲವೊಮ್ಮೆ ಇವು ಬಿಳಿಯ ಚುಕ್ಕೆಗಳಾಗಿ ಬರಿಗಣ್ಣಿಗೇ ಕಾಣುತ್ತವೆ. ಎರಡು ವಾರಗಳಿಗೂ ಮಿಕ್ಕಿ ನಡೆಯುವ ಈ ಬೆಳವಣಿಗೆಯ ಕೊನೆಗೆ ಒಂದೊಂದು ಚುಕ್ಕೆಯೂ ಒಡೆದು, ಅದರಿಂದ ಸುಮಾರು 1,20,000 ಮರಿಜೀವಿಗಳು ಹೊರಬೀಳುತ್ತವೆ. ಇಷ್ಟಾದರೂ ಹೊರಗೆ ನೋಡುವವರಿಗೆ ಕರು ಆರೋಗ್ಯವಾಗಿಯೇ ತೋರುತ್ತದೆ. ಹಾಲು ಕುಡಿಯುತ್ತದೆ, ನೆಗೆದಾಡುತ್ತದೆ.

ಆ ಮರಿಜೀವಿಗಳು ಮುಂದೆ ಸಾಗಿ ದೊಡ್ಡ ಕರುಳಿನ ಒಳಪದರದ ಕೋಶಗಳನ್ನು ಮುತ್ತುತ್ತವೆ. ಅಲ್ಲಿ ಎರಡನೆಯ ತಲೆಮಾರು. ಒಂದೊಂದರಿಂದ ಮೂವತ್ತರಷ್ಟು ಹೊಸ ಜೀವಿಗಳು ಹುಟ್ಟಿ, ತಮ್ಮನ್ನು ಸಾಕಿದ ಕೋಶವನ್ನು ಒಡೆದು ಹೊರಬಂದು ಮತ್ತೊಂದನ್ನು ಹೊಗುತ್ತವೆ. ಈಗ ಲೆಕ್ಕ ಹಾಕಿ ನೋಡೋಣ. ಕರು ನುಂಗಿದ್ದು ಒಂದೇ ಒಂದು ತತ್ತಿ ಎಂದಿಟ್ಟುಕೊಂಡರೂ ಬೀಜಾಣುಗಳು ಎಂಟು. ಎಂಟನ್ನು 1,20,000ದಿಂದ ಗುಣಿಸಿದರೆ 9,60,000. ಅದನ್ನು ಮೂವತ್ತರಿಂದ ಗುಣಿಸಿದರೆ 2 ಕೋಟಿ 88 ಲಕ್ಷ. ಇದು ಕಾಗದದ ಮೇಲಿನ ಲೆಕ್ಕ. ನಿಜವಾಗಿ ಬಹುಪಾಲು ಬೀಜಾಣುಗಳು ದಾರಿಯಲ್ಲೇ ನಾಶವಾಗುತ್ತವೆ. ಇಲ್ಲದಿದ್ದರೆ ಭೂಮಿಯ ಮೇಲೆ ಒಂದು ಕರುವೂ ಉಳಿಯುತ್ತಿರಲಿಲ್ಲ. ಆದರೆ ತೇವದ ಕೊಟ್ಟಿಗೆಯಲ್ಲಿ ಕರು ನುಂಗುವುದು ಒಂದು ತತ್ತಿಯನ್ನಲ್ಲ, ಸಾವಿರಗಟ್ಟಲೆ ತತ್ತಿಗಳನ್ನು.

ದೊಡ್ಡ ಕರುಳಿನ ಕೆಲಸ ಮುಖ್ಯವಾಗಿ ನೀರನ್ನು ಹೀರಿಕೊಳ್ಳುವುದು. ಅದರ ಒಳಪದರ ಹಾಳೆಹಾಳೆಯಾಗಿ ಕಿತ್ತುಬಂದಾಗ ನೀರು ಹೀರಲಾಗದೆ ಹೊರಕ್ಕೆ ಹೋಗುತ್ತದೆ, ಬಯಲಾದ ರಕ್ತನಾಳಗಳಿಂದ ರಕ್ತ ಸೋರುತ್ತದೆ. ಕಡೆಯ ಮರಿಜೀವಿಗಳು ಗಂಡು ಹೆಣ್ಣು ರೂಪಗಳನ್ನು ತಾಳಿ ಕೂಡಿ ಹೊಸ ತತ್ತಿಗಳಾಗುವುದೂ ಇದೇ ಹೊತ್ತಿಗೆ. ನುಂಗಿದ ದಿನದಿಂದ ಎಣಿಸಿದರೆ ತ್ಸುರ್ನಿಯೈಗೆ ಸುಮಾರು 15ರಿಂದ 17 ದಿನಗಳು, ಬೋವಿಸಿಗೆ 16ರಿಂದ 21 ದಿನಗಳು ಕಳೆದ ಮೇಲೆ ಹೊಸ ತತ್ತಿಗಳು ಸಗಣಿಯಲ್ಲಿ ಕಾಣಿಸುತ್ತವೆ. ಭೇದಿಯೂ ಅದರ ಹಿಂದುಮುಂದೆ ತೊಡಗುತ್ತದೆ. ವೈದ್ಯರ ಪ್ರಶ್ನೆಗೆ ಅರ್ಥ ಇದು. ರಕ್ತ ಕಾಣಿಸಿದ ದಿನ ರೋಗದ ಮೊದಲ ದಿನವಲ್ಲ. ಆ ವೇಳೆಗೆ ಪರೋಪಜೀವಿ ತನ್ನ ಕೆಲಸದ ಬಹುಭಾಗವನ್ನು ಮುಗಿಸಿರುತ್ತದೆ.

ಈ ಲೆಕ್ಕದಿಂದ ಇನ್ನೊಂದು ಉಪಯೋಗವೂ ಉಂಟು. ಹುಟ್ಟಿ ಎರಡು ವಾರವೂ ಆಗದ ಕರುವಿಗೆ ಭೇದಿಯಾದರೆ ಅದು ಈ ರೋಗವಾಗಿರಲಾರದು. ಅಷ್ಟು ಕಾಲವೇ ಆಗಿರುವುದಿಲ್ಲ. ಆ ವಯಸ್ಸಿನಲ್ಲಿ ಬ್ಯಾಕ್ಟೀರಿಯ, ವೈರಸ್, ಅಥವಾ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಬೇರೊಂದು ಏಕಕೋಶ ಜೀವಿಯನ್ನು ಸಂಶಯಿಸಬೇಕು. ಕಾಕ್ಸಿಡಿಯೋಸಿಸ್ ಸಾಮಾನ್ಯವಾಗಿ ಮೂರು ವಾರ ದಾಟಿದ, ಆರು ತಿಂಗಳೊಳಗಿನ ಕರುಗಳ ಕಾಯಿಲೆ. ಒಂದು ವರ್ಷದವರೆಗೂ ಅಪರೂಪವಲ್ಲ.

ಎಲ್ಲ ಕರುಗಳಿಗೂ ರಕ್ತಭೇದಿಯಾಗುವುದಿಲ್ಲ. ಹೆಚ್ಚಿನವು ಸೋಂಕನ್ನು ಮೌನವಾಗಿ ಅನುಭವಿಸುತ್ತವೆ: ಸಗಣಿ ಸ್ವಲ್ಪ ತೆಳ್ಳಗಾಗುತ್ತದೆ, ಮೈಕೂದಲು ಒರಟಾಗುತ್ತದೆ, ಬೆಳವಣಿಗೆ ಹಿಂದುಳಿಯುತ್ತದೆ. ಹೆಣ್ಣುಗರುವಿನಲ್ಲಿ ಈ ಹಿಂದುಳಿತ ಗರ್ಭಕಟ್ಟುವ ಕಾಲವನ್ನು ಮುಂದೂಡುತ್ತದೆ. ಎರಡು ಹಸುಗಳ ಮನೆಗೆ ಮುಂದಿನ ಹಸು ಇಂದಿನ ಕರುವೇ ಆಗಿರುವುದರಿಂದ, ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಬರೆಯಲಾಗದ ಈ ನಷ್ಟ ರಕ್ತಭೇದಿಯ ನಷ್ಟಕ್ಕಿಂತ ಕಡಿಮೆಯೇನೂ ಅಲ್ಲವೆಂದು ನಮ್ಮ ಅಭಿಪ್ರಾಯ. ಬಹಳ ಚಳಿಯ ದೇಶಗಳಲ್ಲಿ, ಮುಖ್ಯವಾಗಿ ಕೆನಡ ಮತ್ತು ಅಮೆರಿಕದ ಉತ್ತರ ಭಾಗಗಳಲ್ಲಿ, ಈ ರೋಗದೊಡನೆ ಕರುಗಳಿಗೆ ನಡುಕ, ಸೆಳವು ಬಂದು ಬೇಗನೆ ಸಾಯುವುದನ್ನೂ ಕಂಡಿದ್ದಾರೆ.

ರೋಗವನ್ನು ನಿಶ್ಚಯಿಸಲು ಸಗಣಿಯ ಪರೀಕ್ಷೆ ಬೇಕು. ಬೆನ್ಸನ್ ಟೌನಿನವರಿಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ. ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಇದೆ. ಪರೀಕ್ಷೆಯ ತತ್ತ್ವ ಬಹಳ ಸರಳ. ಕಾಲೇಜು ವಿದ್ಯಾರ್ಥಿಗಳು ಅಧ್ಯಾಪಕರ ಸಮ್ಮುಖದಲ್ಲಿ ಮಾಡಿನೋಡಬಹುದು. ನೀರಿನಲ್ಲಿ ಇನ್ನು ಕರಗದೆಂಬಷ್ಟು ಅಡಿಗೆ ಉಪ್ಪನ್ನು ಕರಗಿಸಿ, ಆ ದ್ರಾವಣದಲ್ಲಿ ಸ್ವಲ್ಪ ಸಗಣಿಯನ್ನು ಕದಡಿ ಸೋಸಿ, ಪರೀಕ್ಷಾನಾಳವನ್ನು ಅಂಚಿನವರೆಗೆ ತುಂಬಿ, ಮೇಲೆ ತೆಳುಗಾಜನ್ನಿಡಬೇಕು. ಉಪ್ಪಿನ ದ್ರಾವಣದ ಸಾಂದ್ರತೆ ನೀರಿಗೆ 1.2ರಷ್ಟು, ತತ್ತಿಗಳು ಅದಕ್ಕಿಂತ ಹಗುರ. ಆದುದರಿಂದ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಅವು ತೇಲಿಬಂದು ಗಾಜಿಗೆ ಅಂಟುತ್ತವೆ. ಗಾಜನ್ನು ನೇರವಾಗಿ ಮೇಲೆತ್ತಿ ಸೂಕ್ಷ್ಮದರ್ಶಕದಡಿಯಲ್ಲಿಟ್ಟರೆ ನೂರುಪಟ್ಟು ಹಿಗ್ಗುವಿಕೆಯಲ್ಲಿಯೇ ಹೊಳೆಯುವ ಚಿಕ್ಕ ಗೋಲಗಳು ಕಾಣುತ್ತವೆ. ಕೈಗವಸು ಧರಿಸುವುದನ್ನು ಮರೆಯಬಾರದು. ದನದ ಐಮೀರಿಯ ಮನುಷ್ಯನಿಗೆ ತಗಲದೆಂದು ಹೇಳಿದೆವು, ನಿಜ. ಆದರೆ ಭೇದಿಯಾದ ಕರುವಿನ ಸಗಣಿಯಲ್ಲಿ ಮನುಷ್ಯನಿಗೆ ತಗಲುವ ಸಾಲ್ಮೊನೆಲ್ಲ ಮತ್ತು ಕ್ರಿಪ್ಟೋಸ್ಪೊರಿಡಿಯಮ್ ಜೀವಿಗಳೂ ಇರಬಹುದು.

ಈ ಪರೀಕ್ಷೆಯಲ್ಲಿಯೂ ಒಂದು ತೊಡಕಿದೆ. ಆರೋಗ್ಯವಾಗಿರುವ ಕರುವಿನಲ್ಲಿಯೂ ಕೆಲವು ತತ್ತಿಗಳು ಕಾಣಬಹುದು. ತೀವ್ರ ರೋಗವಿರುವ ಕರುವಿನಲ್ಲಿ, ತತ್ತಿಗಳು ಇನ್ನೂ ಹುಟ್ಟದಿರುವ ಮೊದಲ ಒಂದೆರಡು ದಿನ, ಏನೂ ಕಾಣದಿರಬಹುದು. ವಯಸ್ಸು, ಲಕ್ಷಣ, ಕೊಟ್ಟಿಗೆಯ ಸ್ಥಿತಿ ಇವನ್ನೆಲ್ಲ ಕೂಡಿಸಿಯೇ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ.

ಇನ್ನು ಚಿಕಿತ್ಸೆಯ ವಿಷಯ. 1930ರ ದಶಕದಲ್ಲಿ ಸಲ್ಫಾ ಔಷಧಗಳು ಬಂದವು. 1939ರಲ್ಲಿ ಅಮೆರಿಕದ ಲೆವಿನ್ ಎಂಬಾತನು ಕೋಳಿಗಳ ಕಾಕ್ಸಿಡಿಯೋಸಿಸ್ಸಿನ ಮೇಲೆ ಸಲ್ಫಾನಿಲಮೈಡ್ ಕೆಲಸ ಮಾಡುವುದನ್ನು ತೋರಿಸಿಕೊಟ್ಟನು. ಸಲ್ಫಾ ವರ್ಗದ ಔಷಧಗಳನ್ನು ಕರುಗಳಿಗೆ ಇಂದಿಗೂ ಕೊಡುತ್ತಾರೆ. ಅವು ಗಾಯಗೊಂಡ ಕರುಳಿಗೆ ಬೀಳುವ ಬ್ಯಾಕ್ಟೀರಿಯಗಳನ್ನೂ ತಡೆಯುವುದರಿಂದ ಎರಡು ಬಗೆಯ ಉಪಕಾರವಾಗುತ್ತದೆ.

ಹೆಚ್ಚು ಬಳಕೆಯಲ್ಲಿರುವ ಮತ್ತೊಂದು ಔಷಧ 1960ರ ಸುಮಾರಿಗೆ ಬಂದ ಆಂಪ್ರೋಲಿಯಮ್. ಇದು ಕೆಲಸ ಮಾಡುವ ರೀತಿ ಸ್ವಾರಸ್ಯವಾದುದು. ಥಯಮಿನ್ ಎಂಬ ಬಿ-1 ಜೀವಸತ್ವವಿಲ್ಲದೆ ಪರೋಪಜೀವಿ ಬೆಳೆಯಲಾರದು. ಆಂಪ್ರೋಲಿಯಮ್ಮಿನ ಅಣು ರಚನೆಯಲ್ಲಿ ಥಯಮಿನ್ನನ್ನು ಹೋಲುತ್ತದೆ. ಖೋಟಾ ನಾಣ್ಯವನ್ನು ನಿಜವಾದುದೆಂದು ಭ್ರಮಿಸಿ ಪೆಟ್ಟಿಗೆಗೆ ಹಾಕಿಕೊಂಡಂತೆ ಜೀವಿ ಅದನ್ನು ಒಳಗೆ ಸೇರಿಸಿಕೊಂಡು, ನಿಜವಾದ ಥಯಮಿನ್ನಿಗೆ ಬಾಗಿಲಿಲ್ಲದಂತಾಗಿ ಉಪವಾಸ ಬೀಳುತ್ತದೆ. ಕರುವಿನ ಕೋಶಗಳು ಇಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ಆದರೆ ಪ್ರಮಾಣ ಮೀರಿ, ಬಹುದಿನ ಕೊಟ್ಟರೆ ಕರುವಿಗೇ ಥಯಮಿನ್ ಕೊರತೆಯಾಗಿ ಮಿದುಳು ಕೆಡುವ ಅಪಾಯವುಂಟು. ಚಿಕಿತ್ಸೆಗೆ ಪ್ರಮಾಣ ಕರುವಿನ ತೂಕದ ಒಂದೊಂದು ಕಿಲೋಗ್ರಾಮಿಗೆ ದಿನಕ್ಕೆ 10 ಮಿಲಿಗ್ರಾಂ, ಐದು ದಿನ. 40 ಕಿಲೋಗ್ರಾಂ ತೂಗುವ ಕರುವಿಗೆ ಅದು 400 ಮಿಲಿಗ್ರಾಂ. ಶೇಕಡ 20ರ ಪುಡಿಯಾದರೆ 2 ಗ್ರಾಂ. ಇನ್ನೂ ರೋಗ ಕಾಣದ ಕರುಗಳಿಗೆ ರಕ್ಷಣೆಗಾಗಿ ಕೊಡುವುದು ಅದರ ಅರ್ಧ, ಅಂದರೆ 5 ಮಿಲಿಗ್ರಾಂ, 21 ದಿನಗಳ ಕಾಲ. ಈಚಿನ ಟಾಲ್ಟ್ರಜುರಿಲ್ ಎಂಬ ಔಷಧವನ್ನು ಕಿಲೋಗ್ರಾಮಿಗೆ 15 ಮಿಲಿಗ್ರಾಮಿನಂತೆ ಒಂದೇ ಸಲ ಕುಡಿಸುತ್ತಾರೆ. ಈ ಸಂಖ್ಯೆಗಳನ್ನು ನಾವು ಕೊಟ್ಟಿರುವುದು ತಿಳಿವಳಿಕೆಗಾಗಿ. ಔಷಧವನ್ನು ಆರಿಸುವುದೂ ಅಳೆಯುವುದೂ ಕರುವನ್ನು ಕಣ್ಣಾರೆ ಕಂಡ ಪಶುವೈದ್ಯರ ಕೆಲಸ.

ಔಷಧಕ್ಕಿಂತ ಮೊದಲು ನೀರು. ಭೇದಿಯಾದ ಕರು ಸಾಯುವುದು ಬಹುಮಟ್ಟಿಗೆ ನೀರು, ಲವಣ, ರಕ್ತ ಇವುಗಳ ನಷ್ಟದಿಂದ. ಲವಣ ಮತ್ತು ಗ್ಲೂಕೋಸ್ ಬೆರೆತ ನೀರನ್ನು ದಿನದಲ್ಲಿ ಹಲವು ಸಲ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಕುಡಿಯಲಾರದಷ್ಟು ಸೋತಿದ್ದರೆ ವೈದ್ಯರು ರಕ್ತನಾಳದ ಮೂಲಕ ಕೊಡುತ್ತಾರೆ. ಭೇದಿಯಾಗುತ್ತಿದೆಯೆಂದು ಹಾಲನ್ನು ಪೂರ್ತಿ ನಿಲ್ಲಿಸಿಬಿಡುವ ವಾಡಿಕೆ ಕೆಲವೆಡೆ ಉಂಟು. ಇದು ತಪ್ಪು; ಉಪವಾಸವಿಟ್ಟ ಕರುವಿಗೆ ಕರುಳನ್ನು ದುರಸ್ತಿಮಾಡಿಕೊಳ್ಳಲು ಬೇಕಾದ ಶಕ್ತಿಯೇ ಇರುವುದಿಲ್ಲ.

ಬೆನ್ಸನ್ ಟೌನಿನ ಆ ಹೆಣ್ಣುಗರುವಿಗೆ ಇವೆಲ್ಲವೂ ನಡೆದವು. ಎರಡು ದಿನ ಚೇತರಿಸಿಕೊಳ್ಳುವಂತೆ ತೋರಿ, ನಾಲ್ಕನೆಯ ದಿನ ಅದು ಸತ್ತಿತು. ಔಷಧ ಸೋತಿತೆಂದು ಮನೆಯವರು ಅಂದುಕೊಂಡರು. ನಾವು ಮೇಲೆ ವಿವರಿಸಿದ ದಿನಗಳ ಲೆಕ್ಕವನ್ನು ನೆನೆದರೆ ಬೇರೆ ಉತ್ತರ ದೊರೆಯುತ್ತದೆ. ಆಂಪ್ರೋಲಿಯಮ್ಮಿನ ಪೆಟ್ಟು ಹೆಚ್ಚಾಗಿ ಬೀಳುವುದು ಮೊದಲ ತಲೆಮಾರಿನ ಮೇಲೆ. ರಕ್ತ ಕಾಣುವ ವೇಳೆಗೆ ಆ ತಲೆಮಾರು ಕಳೆದುಹೋಗಿರುತ್ತದೆ. ಕಿತ್ತುಹೋದ ಕರುಳಿನ ಪದರವನ್ನು ಯಾವ ಔಷಧವೂ ಹಿಂದಕ್ಕೆ ತಂದು ಅಂಟಿಸಲಾರದು. ವೈದ್ಯರು ಆ ಮೊದಲ ಬೆಳಿಗ್ಗೆಯೇ, ಯಾವ ಲಕ್ಷಣವೂ ಇಲ್ಲದ ಹನ್ನೆರಡು ದಿನದ ಕರುವಿಗೂ ಔಷಧವನ್ನು ಬರೆದುಕೊಟ್ಟಿದ್ದರು. ಚೆನ್ನಾಗಿರುವ ಕರುವಿಗೇಕೆ ಔಷಧ, ಸುಮ್ಮನೆ ಖರ್ಚು ಎಂದು ಮನೆಯಲ್ಲಿ ಗೊಣಗಾಟವಾಗಿತ್ತು. ಅದು ಹುಟ್ಟಿದ್ದು ಅದೇ ತೇವದ ನೆಲದ ಮೇಲೆ. ಮೊದಲ ದಿನಗಳಲ್ಲಿಯೇ ತತ್ತಿಗಳನ್ನು ನುಂಗಿರುವ ಸಂಭವವಿತ್ತು. ನುಂಗಿದ್ದರೆ ಅದರ ಕರುಳಿನಲ್ಲಿ ಮೊದಲ ತಲೆಮಾರು ಇನ್ನೂ ಬೆಳೆಯುತ್ತಿರಬೇಕು. ಔಷಧ ಸರಿಯಾದ ವೇಳೆಗೆ ತಲುಪಬಹುದಾಗಿದ್ದುದು ಅದನ್ನೇ.

ಔಷಧದ ಜೊತೆಗೆ ಕೊಟ್ಟಿಗೆಯ ವ್ಯವಸ್ಥೆಯೂ ಬದಲಾಗಬೇಕಾಗಿತ್ತು. ಇಲ್ಲಿ ನಮ್ಮ ಸಾಮಾನ್ಯ ನಂಬಿಕೆಗಳು ಕೆಲವು ಬುಡಮೇಲಾಗುತ್ತವೆ. ಮೊದಲನೆಯದು ಫಿನಾಯಿಲ್. ಬಿಳಿಯ ನೀರನ್ನು ಚೆಲ್ಲಿ ಘಮ್ಮೆನ್ನಿಸಿದರೆ ಕ್ರಿಮಿಗಳೆಲ್ಲ ಸತ್ತವೆಂದು ನಾವು ನೆಮ್ಮದಿಗೊಳ್ಳುತ್ತೇವೆ. ಐಮೀರಿಯದ ತತ್ತಿಯ ಎರಡು ಪದರದ ಕವಚವನ್ನು ಫಿನಾಯಿಲಾಗಲಿ, ಬ್ಲೀಚಿಂಗ್ ಪುಡಿಯಾಗಲಿ, ಸಾಮಾನ್ಯ ಬಳಕೆಯ ಪ್ರಮಾಣದಲ್ಲಿ ಭೇದಿಸಲಾರವು. ಅದು ಸಾಯುವುದು ಕುದಿಯುವ ನೀರಿಗೆ, ಹಬೆಗೆ, ಬೆಂಕಿಗೆ, ಅಮೋನಿಯಕ್ಕೆ. ಎಲ್ಲಕ್ಕಿಂತ ಅಗ್ಗವಾಗಿ, ಬಿಸಿಲಿಗೆ ಮತ್ತು ಒಣಗುವಿಕೆಗೆ.

ಎರಡನೆಯದು ನೀರು ಸುರಿದು ತೊಳೆಯುವುದೇ ಶುಚಿತ್ವವೆಂಬ ಭಾವನೆ. ದಿನಕ್ಕೆ ಎರಡು ಬಾರಿ ಕೊಡಗಟ್ಟಲೆ ನೀರೆರೆದು ಸಗಣಿಯನ್ನು ಚರಂಡಿಯತ್ತ ತಳ್ಳುವ ಕೊಟ್ಟಿಗೆ ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ನೆಲ ಒಣಗುವುದೇ ಇಲ್ಲ. ಸಂದುಗೊಂದುಗಳಲ್ಲಿ ಉಳಿದ ಸಗಣಿಯ ರಸ ಕರುವಿನ ಜಾಗಕ್ಕೂ ಹರಡುತ್ತದೆ. ಮೊದಲು ಗುದ್ದಲಿ ಪೊರಕೆಗಳಿಂದ ಸಗಣಿಯನ್ನು ಪೂರ್ತಿ ಬಳಿದು ತೆಗೆದು, ತೀರ ಬೇಕಾದಷ್ಟೇ ನೀರು ಬಳಸಿ, ಬಳಿಕ ನೆಲ ಆರುವಂತೆ ಬಿಡಬೇಕು. ಸಗಣಿ ತೆಗೆಯುವ ಕಾಲದ ಅಂತರ ಮುಖ್ಯ. ತತ್ತಿ ಪಕ್ವವಾಗಲು ಎರಡು ಮೂರು ದಿನ ಬೇಕೆಂದು ನೋಡಿದೆವಷ್ಟೆ. ದಿನವೂ ತಪ್ಪದೆ ಸಗಣಿಯನ್ನು ತೆಗೆದರೆ ತತ್ತಿಗಳು ವಿಷಬೀಜಗಳಾಗುವ ಮೊದಲೇ ಕೊಟ್ಟಿಗೆಯಿಂದ ಆಚೆಗೆ ಹೋಗಿರುತ್ತವೆ. ದಿನಕ್ಕೊಮ್ಮೆ ತೆಗೆಯುವುದಕ್ಕೂ ವಾರಕ್ಕೊಮ್ಮೆ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಏಳರಷ್ಟಲ್ಲ. ರೋಗ ಬರುವುದಕ್ಕೂ ಬಾರದಿರುವುದಕ್ಕೂ ಇರುವಷ್ಟು.

ತೆಗೆದ ಸಗಣಿಯನ್ನು ಎಲ್ಲಿಗೆ ಹಾಕುವುದು? ಹಳ್ಳಿಯಲ್ಲಿ ತಿಪ್ಪೆಗುಂಡಿಯುಂಟು. ದಂಡುಪ್ರದೇಶದ ಓಣಿಯಲ್ಲಿ ಒಂದು ಬುಟ್ಟಿ ಸಗಣಿಗೂ ಜಾಗ ಹುಡುಕಬೇಕು. ಚರಂಡಿಗೆ ಬಿಟ್ಟರೆ ಅದು ಕಟ್ಟಿಕೊಂಡು ನೆರೆಯವರಿಗೆ ಉಪದ್ರವ. ಬೆರಣಿ ತಟ್ಟಿ ಬಿಸಿಲಿಗೆ ಒಣಗಿಸುವ ಹಳೆಯ ಪದ್ಧತಿ ಈ ರೋಗದ ಮಟ್ಟಿಗೆ ಬಹಳ ಒಳ್ಳೆಯದು, ಮಳೆಗಾಲವೊಂದನ್ನು ಬಿಟ್ಟು. ರಾಶಿ ಮಾಡಿ ಕೊಳೆಸುವುದಾದರೆ, ಸರಿಯಾಗಿ ಕೊಳೆಯುವ ರಾಶಿಯ ಒಡಲಿನಲ್ಲಿ ಉಷ್ಣತೆ 55 ಡಿಗ್ರಿಯನ್ನು ಮೀರುತ್ತದೆ, ಆ ಶಾಖದಲ್ಲಿ ತತ್ತಿಗಳು ಉಳಿಯಲಾರವು. ಆದರೆ ಅಂಚಿನಲ್ಲಿ ತಣ್ಣಗಿರುವ ಭಾಗವನ್ನು ಆಗಾಗ ಮಗುಚಿ ಒಳಗೆ ಹಾಕುತ್ತಿರಬೇಕು. ಗಿಡ ಬೆಳೆಸುವ ನೆರೆಮನೆಗಳಿಗೆ ಗೊಬ್ಬರವಾಗಿ ಕೊಡುವ ದಾರಿಯೂ ಇದೆ. ನಗರದಲ್ಲಿ ತಾರಸಿ ತೋಟಗಳು ಹೆಚ್ಚುತ್ತಿರುವುದು ಈ ದೃಷ್ಟಿಯಿಂದ ಗೋಪಾಲಕರಿಗೆ ಅನುಕೂಲವೇ.

ಸಗಣಿಯ ವಿಷಯ ಹೀಗಾದರೆ, ಕರುವಿನ ಬಾಯಿಗೆ ಹೋಗುವುದರ ವಿಷಯದಲ್ಲಿಯೂ ಎಚ್ಚರ ಬೇಕು. ಹುಲ್ಲು, ಹಿಂಡಿ, ನೀರು ನೆಲದಿಂದ ಎತ್ತರದ ಗೋದಲಿಯಲ್ಲಿರಬೇಕು. ಕರು ಅದರೊಳಗೆ ಕಾಲಿಡುವಂತಿರಬಾರದು. ದೊಡ್ಡ ಹಸು ಹೊರಗೆ ಆರೋಗ್ಯವಾಗಿ ಕಂಡರೂ ಸಗಣಿಯಲ್ಲಿ ಅಷ್ಟಿಷ್ಟು ತತ್ತಿಗಳನ್ನು ಹೊರಹಾಕುತ್ತಲೇ ಇರುತ್ತದೆ. ಆದುದರಿಂದ ಕರುವನ್ನು ಬಿಡುವ ಮೊದಲು ಕೆಚ್ಚಲನ್ನು ತೊಳೆದು ಒರಸುವುದು ಹಾಲಿನ ಶುಚಿಗಾಗಿ ಮಾತ್ರವಲ್ಲ. ದೊಡ್ಡ ಕರುವಿನೊಡನೆ ಎಳೆಗರುವನ್ನು ಕಟ್ಟಬಾರದು. ಮೇವಿನ ಹಠಾತ್ ಬದಲಾವಣೆ, ಹಾಲು ಬಿಡಿಸುವುದು, ದೂರದ ಪ್ರಯಾಣ, ಇರಚಲು ಗಾಳಿ ಇವು ಕರುವನ್ನು ಬಳಲಿಸಿ, ಒಳಗೆ ಅಡಗಿದ್ದ ಸೋಂಕು ಎದ್ದುಕಾಣುವಂತೆ ಮಾಡುತ್ತವೆ. ಹೊಸ ಬೂಸಾ ರೋಗವನ್ನು ತರದಿದ್ದರೂ ತಳ್ಳುಕೊಟ್ಟಿರಬಹುದೆಂದು ವೈದ್ಯರು ಹೇಳಿದುದು ಇದಕ್ಕಾಗಿ.

ಲಸಿಕೆಯಿಲ್ಲವೇ ಎಂದು ವಾಚಕರು ಕೇಳಬಹುದು. ಕೋಳಿಗಳಿಗೆ 1952ರಿಂದಲೇ ಉಂಟು. ದನಗಳಿಗೆ ಮಾರುಕಟ್ಟೆಯಲ್ಲಿ ಇಂದಿಗೂ ಇಲ್ಲ. ಆದರೆ ಪ್ರಕೃತಿಯೇ ಒಂದು ಬಗೆಯ ಲಸಿಕೆಯನ್ನು ಹಾಕುತ್ತದೆ. ಸ್ವಲ್ಪವೇ ತತ್ತಿಗಳನ್ನು ನುಂಗಿ, ಸ್ವಲ್ಪವೇ ಸೋಂಕನ್ನು ಅನುಭವಿಸಿದ ಕರು ಆ ಪ್ರಭೇದದ ವಿರುದ್ಧ ರಕ್ಷಣೆಯನ್ನು ಪಡೆಯುತ್ತದೆ. ಬೋವಿಸಿನಿಂದ ಪಡೆದ ರಕ್ಷಣೆ ತ್ಸುರ್ನಿಯೈ ವಿರುದ್ಧ ಮಾತ್ರ ನಡೆಯದು. ಹೀಗಿರುವುದರಿಂದ ಕೊಟ್ಟಿಗೆಯಲ್ಲಿ ಒಂದೂ ತತ್ತಿಯಿರಬಾರದೆಂಬ ಹಟ ಅನಾವಶ್ಯಕ, ಅಸಾಧ್ಯ ಕೂಡ. ತತ್ತಿಗಳ ಸಂಖ್ಯೆ ಕರು ತಾಳಬಲ್ಲಷ್ಟರೊಳಗೆ ಇರಬೇಕು, ಅಷ್ಟೆ.

ಆ ಮನೆಯವರು ಚಿಕ್ಕ ಕರುವಿಗೆ ಗೋಡೆಯ ಬದಿಯಲ್ಲಿ ಒಂದು ಗೇಣೆತ್ತರದ ಹಲಗೆಯ ಜಗುಲಿಯನ್ನು ಮಾಡಿ, ಅದರ ಮೇಲೆ ಒಣಹುಲ್ಲು ಹಾಸಿ ಕಟ್ಟಿದರು. ಸಗಣಿಯನ್ನು ಬೆಳಿಗ್ಗೆ ಸಂಜೆ ತೆಗೆಯಲಾಯಿತು. ಔಷಧವನ್ನು, ಗೊಣಗುತ್ತಲೇ, ಇಪ್ಪತ್ತೊಂದು ದಿನವೂ ಕುಡಿಸಿದರು. ಅದು ಮುಗಿದ ವಾರದಲ್ಲಿ ಸಗಣಿಯನ್ನು ಪರೀಕ್ಷೆಗೆ ಕಳುಹಿಸಿದಾಗ ತೆಳುಗಾಜಿನ ಕೆಳಗೆ ಅಲ್ಲೊಂದು ಇಲ್ಲೊಂದು ತತ್ತಿ ಕಾಣಿಸಿತು. ಮನೆಯವರು ಗಾಬರಿಯಾದರು. ವೈದ್ಯರು ಚೀಟಿಯನ್ನು ನೋಡಿ, ಕರು ಹಾಲು ಕುಡಿಯುತ್ತಿದೆಯೇ, ಸಗಣಿ ಗಟ್ಟಿಯಾಗಿದೆಯೇ ಎಂದು ಕೇಳಿದರು. ಎರಡಕ್ಕೂ ಹೌದೆಂಬ ಉತ್ತರ ಬಂದುದರಿಂದ ಬೇರೆ ಏನನ್ನೂ ಬರೆಯದೆ ಚೀಟಿಯನ್ನು ಹಿಂದಕ್ಕೆ ಕೊಟ್ಟರು.